ಕುಳಿತ ಬಡಾವಣೆ ಮತ್ತು ಚಲನೆಯ ಯೋಜನೆ: ಲಕ್ಷ್ಮೀ ನಗರದ ನೆಲೆಯಿಂದ ಫಿಸಿಯೋಥೆರಪಿಯ ಸಮೀಕ್ಷೆ

ದೈಹಿಕ ಶ್ರಮವಿಲ್ಲದ ಬದುಕು ಆರೋಗ್ಯವನ್ನು ಕೆಡಿಸುತ್ತದೆಂಬ ಮಾತು ಇಂದು ಯಾರಿಗೂ ಹೊಸದಲ್ಲವಾದರೂ, ಆ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಸ್ಥಿತಿಗಳು ಬೆರೆತುಹೋಗಿರುವುದನ್ನು ಗಮನಿಸುವವರು ಕಡಿಮೆ. ಮೊದಲನೆಯದು ನಿಷ್ಕ್ರಿಯತೆ, ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಸೂಚಿಸಿರುವ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ, ಇವುಗಳಲ್ಲಿ ಯಾವುದರ ಕನಿಷ್ಠ ಮಟ್ಟವನ್ನೂ ಮುಟ್ಟದಿರುವುದನ್ನು ಈ ಹೆಸರಿನಿಂದ ಕರೆಯಲಾಗುತ್ತದೆ. ಎರಡನೆಯದು ದೀರ್ಘಕಾಲದ ಕೂತಿರುವಿಕೆ. ಸುಮ್ಮನೆ ಕುಳಿತಿರುವ ದೇಹವು ಪ್ರತಿ ಕಿಲೋ ತೂಕಕ್ಕೆ ನಿಮಿಷವೊಂದಕ್ಕೆ ಸುಮಾರು 3.5 ಮಿಲಿಲೀಟರ್ ಆಮ್ಲಜನಕವನ್ನು ಬಳಸುತ್ತದೆ. ಈ ಪ್ರಮಾಣವನ್ನು ಒಂದು ಮೆಟ್ ಎಂದು ಎಣಿಸಿ, ಎಚ್ಚರವಿರುವಾಗ ಕುಳಿತೋ ಒರಗಿಯೋ ಮಲಗಿಯೋ 1.5 ಮೆಟ್ ಮೀರದಂತೆ ಕಳೆಯುವ ಸಮಯವನ್ನೆಲ್ಲ ಈ ಎರಡನೆಯ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಬೆಳಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆದು ಉಳಿದ ಹಗಲೆಲ್ಲ ಕುರ್ಚಿಯಲ್ಲಿ ಕಳೆಯುವವರು ನಿಷ್ಕ್ರಿಯರಲ್ಲ, ಆದರೆ ಕೂತವರೇ. ದಿನವಿಡೀ ಅಂಗಡಿಯಲ್ಲಿ ನಿಂತೇ ಇದ್ದು ಎಂದೂ ಏದುಸಿರು ಬರುವಷ್ಟು ಶ್ರಮಪಡದವರು ಕೂತವರಲ್ಲ, ಆದರೆ ನಿಷ್ಕ್ರಿಯರು. ಇವರಿಬ್ಬರಿಗೂ ‘ವಾಕಿಂಗ್ ಮಾಡಿ’ ಎಂಬ ಒಂದೇ ಸಲಹೆ ಕೊಟ್ಟು ಕಳುಹಿಸುವುದು ಇಂದಿನ ರೂಢಿಯಾಗಿದೆ. ಆ ರೂಢಿಯ ಜಾಗದಲ್ಲಿ ವ್ಯಕ್ತಿಯ ದೇಹ, ವಯಸ್ಸು, ಉದ್ಯೋಗ ಮತ್ತು ವಾಸದ ನೆಲೆಗಳನ್ನು ಅಳೆದು ವರ್ಷಗಳವರೆಗೆ ನಡೆಯುವ ಯೋಜನೆಯೊಂದನ್ನು ರೂಪಿಸಬಲ್ಲ ವೃತ್ತಿ ಫಿಸಿಯೋಥೆರಪಿ. ಆ ಸಾಮರ್ಥ್ಯವು ಏಕೆ ಬಳಕೆಗೆ ಬಂದಿಲ್ಲ ಎಂಬುದನ್ನು ಪೂರ್ವ ದೆಹಲಿಯ ಲಕ್ಷ್ಮೀ ನಗರದಂಥ ಒಂದು ನಿರ್ದಿಷ್ಟ ಬಡಾವಣೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸಿದರೆ ಹೆಚ್ಚು ಸ್ಪಷ್ಟವಾಗುತ್ತದೆ.

ಕೂತಿರುವಿಕೆಯ ಹಾನಿಯನ್ನು ವಿಜ್ಞಾನ ಮೊದಲು ಗುರುತಿಸಿದ್ದು ಲಂಡನ್ನಿನ ಬಸ್ಸುಗಳಲ್ಲಿ. ಜೆರೆಮಿ ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು 1953ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗಿಂತ ಕುಳಿತೇ ಇರುತ್ತಿದ್ದ ಚಾಲಕರಲ್ಲಿ ಹೃದ್ರೋಗ ಗಣನೀಯವಾಗಿ ಹೆಚ್ಚಾಗಿತ್ತು. ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ವರ್ಗದ ಜನ, ಒಂದೇ ವಾಹನ. ಕೆಲಸದ ಭಂಗಿಯಷ್ಟೇ ಬೇರೆ. 1966ರಲ್ಲಿ ಅಮೆರಿಕದ ಡಲಾಸಿನಲ್ಲಿ 20 ವರ್ಷದ ಐವರು ಆರೋಗ್ಯವಂತ ತರುಣರನ್ನು 3 ವಾರ ಹಾಸಿಗೆಯಲ್ಲೇ ಇರಿಸಿ ಅವರ ಶ್ರಮಸಾಮರ್ಥ್ಯವನ್ನು ಅಳೆಯಲಾಯಿತು, ಮತ್ತು 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಬೆಚ್ಚಿಬೀಳಿಸುವಂಥ ಸಂಗತಿಯೊಂದು ಹೊರಬಿತ್ತು: ಮೂರು ದಶಕಗಳ ವಯಸ್ಸು ತಂದ ಇಳಿಕೆಗಿಂತ ಆ ಮೂರು ವಾರಗಳ ಮಲಗುವಿಕೆ ತಂದಿದ್ದ ಇಳಿಕೆಯೇ ದೊಡ್ಡದಾಗಿತ್ತು. ಆರು ತಿಂಗಳ ಕ್ರಮಬದ್ಧ ತರಬೇತಿಯಿಂದ ಐವತ್ತರ ಆ ಪುರುಷರು ಕಳೆದುಕೊಂಡಿದ್ದ ಸಾಮರ್ಥ್ಯವನ್ನು ಬಹುಮಟ್ಟಿಗೆ ಮರಳಿ ಪಡೆದರೆಂಬುದು ಅದೇ ಅಧ್ಯಯನದ ಮತ್ತೊಂದು ಮುಖ. ಜನ ‘ವಯಸ್ಸಾಯಿತು’ ಎಂದು ಒಪ್ಪಿಕೊಂಡುಬಿಡುವ ದೌರ್ಬಲ್ಯದ ಬಹುಪಾಲು ವಯಸ್ಸಿನದಲ್ಲ, ಬಳಸದೆ ಬಿಟ್ಟ ದೇಹದ್ದು ಎಂಬ ಅರಿವೇ ದೀರ್ಘಕಾಲೀನ ಯೋಜನೆಯ ತಳಹದಿ.

ದೇಹದೊಳಗೆ ನಡೆಯುವುದನ್ನು ಸಂಕ್ಷೇಪವಾಗಿ ಹೀಗೆ ವಿವರಿಸಬಹುದು. ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುವ ಅತಿದೊಡ್ಡ ಅಂಗಾಂಶ ಸ್ನಾಯು. ಅದು ಸಂಕುಚಿಸಿದಾಗ ಇನ್ಸುಲಿನ್‌ನ ನೆರವಿಲ್ಲದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ, ಸಂಕುಚಿಸದೆ ಉಳಿದಾಗ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಬೆನ್ನೆಲುಬಿನ ಮಣಿಗಳ ನಡುವಿನ ಬಿಲ್ಲೆಗಳಿಗೆ ವಯಸ್ಕರಲ್ಲಿ ತಮ್ಮದೇ ಆದ ರಕ್ತನಾಳಗಳು ಹೆಚ್ಚಾಗಿ ಇರುವುದಿಲ್ಲವಾದ್ದರಿಂದ ಅವುಗಳ ಪೋಷಣೆ ಸುತ್ತಲಿನ ಅಂಗಾಂಶದಿಂದ ಚಲನೆಯೊಡನೆ ಒಸರಿ ಬರುವ ದ್ರವವನ್ನೇ ನೆಚ್ಚಿಕೊಂಡಿದೆ. ಭಾರತೀಯರಲ್ಲಿ ಸಕ್ಕರೆ ಹೀರಿಕೊಳ್ಳುವ ಪ್ರಕ್ರಿಯೆಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ: ನೋಡಲು ತೆಳ್ಳಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬ ದೇಹರಚನೆ ಇಲ್ಲಿ ಸಾಮಾನ್ಯವಾಗಿರುವುದರಿಂದ ತೂಕದ ಯಂತ್ರ ಸರಿಯಾದ ಎಚ್ಚರಿಕೆಯನ್ನು ಕೊಡುವುದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಜಾಗತಿಕ ವಿಶ್ಲೇಷಣೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದವರ ಪಾಲು 2000ದಲ್ಲಿ ಶೇ. 22ರಷ್ಟಿದ್ದದ್ದು 2022ರ ಹೊತ್ತಿಗೆ ಶೇ. 50ರ ಸಮೀಪಕ್ಕೆ ಏರಿತ್ತು, ಮಹಿಳೆಯರಲ್ಲಿ ಶೇ. 57ರಷ್ಟಿತ್ತು. ಮನೆಗೆಲಸವೇ ವ್ಯಾಯಾಮವೆಂಬ ಪ್ರಚಲಿತ ನಂಬಿಕೆಯನ್ನು ಈ ಕೊನೆಯ ಅಂಕಿ ಪ್ರಶ್ನಿಸುತ್ತದೆ.

ಯಮುನೆಯ ಪೂರ್ವ ದಡದಲ್ಲಿ, ಐಟಿಓ ಕಡೆಯಿಂದ ಸೇತುವೆ ದಾಟಿ ಬರುವ ವಿಕಾಸ್ ಮಾರ್ಗದ ಎರಡು ಬದಿಗಳಲ್ಲಿ ಹರಡಿರುವ ಪ್ರದೇಶದಲ್ಲಿದೆ ಲಕ್ಷ್ಮೀ ನಗರ. 2011ರ ಜನಗಣತಿಯಲ್ಲಿ ಪೂರ್ವ ದೆಹಲಿ ಜಿಲ್ಲೆಯ ಜನಸಾಂದ್ರತೆ ಪ್ರತಿ ಚದರ ಕಿಲೋಮೀಟರಿಗೆ 27 ಸಾವಿರವನ್ನು ಮೀರಿತ್ತು. ನಾಲ್ಕೈದು ಅಂತಸ್ತಿನ ಕಟ್ಟಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುವ ಗಲ್ಲಿಗಳು, ಗಲ್ಲಿಯ ಎರಡೂ ಬದಿಯಲ್ಲಿ ನಿಲ್ಲಿಸಿದ ಸ್ಕೂಟರು ಬೈಕುಗಳು, ನಡುವೆ ಹಾಯುವ ಇ-ರಿಕ್ಷಾಗಳು, ಮೆಟ್ರೋ ನಿಲ್ದಾಣದ ಸುತ್ತಲಿನ ಮಾರುಕಟ್ಟೆಯ ಜನಸಂದಣಿ, ಇವುಗಳ ನಡುವೆ ಪಾದಚಾರಿಗೆ ಉಳಿಯುವ ಜಾಗ ಅತ್ಯಲ್ಪ. ಯಮುನೆಯ ಬಯಲು ದೂರವಿಲ್ಲದಿದ್ದರೂ ಅದಕ್ಕೂ ವಸತಿಗೂ ನಡುವೆ ಭಾರೀ ಸಂಚಾರದ ರಸ್ತೆಗಳಿವೆ. ಇಂಥ ಕಡೆ ‘ಪ್ರತಿದಿನ ನಡೆಯಿರಿ’ ಎಂಬ ಸಲಹೆಗೆ ‘ಎಲ್ಲಿ’ ಎಂಬ ಪ್ರಶ್ನೆಯೇ ಮೊದಲ ಉತ್ತರವಾಗಿ ಬರುತ್ತದೆ, ಮತ್ತು ಆ ಪ್ರಶ್ನೆಯನ್ನು ಸೋಮಾರಿತನದ ನೆಪವೆಂದು ತಳ್ಳಿಹಾಕುವುದು ಅನ್ಯಾಯ.

ಈ ಬಡಾವಣೆಗೆ ದೇಶದಾದ್ಯಂತ ಹೆಸರು ತಂದಿರುವುದು ಕೋಚಿಂಗ್ ತರಗತಿಗಳು. ಸಿಎ ಪರೀಕ್ಷೆ ಬರೆಯುವವರಿಗೆ ಲಕ್ಷ್ಮೀ ನಗರ ಬಹುಕಾಲದಿಂದ ಒಂದು ಕೇಂದ್ರ. ಹತ್ತಿರದ ವಿಶ್ವಾಸ್ ನಗರದಲ್ಲಿ ಲೆಕ್ಕಪರಿಶೋಧಕರ ಸಂಸ್ಥೆಯ ಭವನವೂ ಇದೆ. ಬ್ಯಾಂಕ್, ಎಸ್‌ಎಸ್‌ಸಿ ಮತ್ತಿತರ ಪರೀಕ್ಷೆಗಳ ತರಬೇತಿಯೂ ಇಲ್ಲಿ ನಡೆಯುತ್ತದೆ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಊರು ಬಿಟ್ಟು ಬಂದ ತರುಣ ತರುಣಿಯರು ಪಿಜಿಯ ಕೋಣೆಯಲ್ಲಿ ಮಲಗಿ, ಕೋಚಿಂಗ್ ಹಾಲ್‌ನ ಬೆಂಚಿನಲ್ಲಿ ಗಂಟೆಗಟ್ಟಲೆ ಕುಳಿತು, ಅಲ್ಲಿಂದ ತಿಂಗಳ ಬಾಡಿಗೆಗೆ ಸಿಗುವ ‘ಲೈಬ್ರರಿ’ಯ ಪುಟ್ಟ ಕ್ಯಾಬಿನ್ನಿಗೆ ಹೋಗಿ ರಾತ್ರಿಯವರೆಗೆ ಮತ್ತೆ ಕೂರುತ್ತಾರೆ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಗಳ ಮನೆಯಲ್ಲ. ಒಂದು ಕುರ್ಚಿ, ಒಂದು ಮೇಜು, ಒಂದು ದೀಪ ಮತ್ತು ಮೌನ ಇಷ್ಟನ್ನು ಗಂಟೆಯ ಲೆಕ್ಕದಲ್ಲಿ ಮಾರುವ ಜಾಗ. ಕೂತಿರುವ ಗಂಟೆಗಳನ್ನೇ ಶ್ರದ್ಧೆಯ ಅಳತೆಗೋಲಾಗಿ ಭಾವಿಸುವ ಈ ಸಂಸ್ಕೃತಿಯಲ್ಲಿ ಎದ್ದು ಹೊರಗೆ ಹೋಗುವುದು ಸಮಯವನ್ನು ಕದ್ದಂತೆ ಕಾಣುತ್ತದೆ. ಕರ್ನಾಟಕದ ಓದುಗರಿಗೆ ಇದು ದೂರದ ಚಿತ್ರವೇನೂ ಅಲ್ಲ; ಬೆಂಗಳೂರಿನ ವಿಜಯನಗರ, ಧಾರವಾಡದ ಸಪ್ತಾಪುರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಸಾವಿರಾರು ಮಕ್ಕಳ ದಿನಚರಿಯೂ ಇದೇ ಆಗಿದೆ. ಕುತ್ತಿಗೆ ನೋವು, ಸೊಂಟ ನೋವು, ಬೆರಳು ಜೋಮು ಹಿಡಿಯುವುದು ಈ ವಯಸ್ಸಿನಲ್ಲಿಯೇ ಮೊದಲಾದರೂ ನಿಜವಾದ ನಷ್ಟ ಆ ನೋವಲ್ಲ. ಎಲುಬಿನ ಸಾಂದ್ರತೆ ಮತ್ತು ಸ್ನಾಯುಬಲ ತಮ್ಮ ಗರಿಷ್ಠ ಮಟ್ಟವನ್ನು ಮುಟ್ಟಬೇಕಾದ ವರ್ಷಗಳು ಇವೇ ಆಗಿರುವುದರಿಂದ, ಇಲ್ಲಿ ಕಟ್ಟಿಕೊಳ್ಳದ ಮೂಲಬಂಡವಾಳದ ಕೊರತೆ ಅರವತ್ತರ ನಂತರ ಮೂಳೆ ಮುರಿತವಾಗಿಯೂ ಮಂಡಿನೋವಾಗಿಯೂ ಎದುರಾಗುತ್ತದೆ.

ಫಿಸಿಯೋಥೆರಪಿ ಈ ಸಮಸ್ಯೆಗಾಗಿ ಹುಟ್ಟಿದ ವೃತ್ತಿಯಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಆರಂಭಿಸಿದ ವ್ಯಾಯಾಮ ಸಂಸ್ಥೆ, 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ಕಟ್ಟಿದ ಅಂಗಮರ್ದಕಿಯರ ಸಂಘ, ಬಳಿಕ ಎರಡು ಮಹಾಯುದ್ಧಗಳ ಗಾಯಾಳುಗಳು ಮತ್ತು ಪೋಲಿಯೋ ಪೀಡಿತ ಮಕ್ಕಳು, ಇವೆಲ್ಲ ಸೇರಿ ಇದನ್ನು ಕಳೆದುಹೋದ ಚಲನೆಯನ್ನು ಮರಳಿ ಕೊಡಿಸುವ ಚಿಕಿತ್ಸೆಯಾಗಿ ರೂಪಿಸಿದವು. ಭಾರತದಲ್ಲಿಯೂ ಮೊದಲ ಶಾಲೆ 1952ರಲ್ಲಿ ಮುಂಬಯಿಯಲ್ಲಿ ಪೋಲಿಯೋದ ಹಿನ್ನೆಲೆಯಲ್ಲಿಯೇ, ಅಂತರರಾಷ್ಟ್ರೀಯ ಸಂಸ್ಥೆಗಳ ನೆರವಿನಿಂದ ತೆರೆಯಿತು. 1955ರಲ್ಲಿ ವೃತ್ತಿಪರರ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಲಕ್ಷ್ಮೀ ನಗರದಿಂದ ನದಿ ದಾಟಿದೊಡನೆ ಐಟಿಓ ಬಳಿ ಸಿಗುವ, ಪಂಡಿತ್ ದೀನದಯಾಳ್ ಉಪಾಧ್ಯಾಯರ ಹೆಸರಿನ ರಾಷ್ಟ್ರೀಯ ಸಂಸ್ಥೆ ದೈಹಿಕ ಅಂಗವೈಕಲ್ಯವುಳ್ಳವರಿಗಾಗಿಯೇ ಇದ್ದು, ಅಲ್ಲಿ ಫಿಸಿಯೋಥೆರಪಿಯ ಪದವಿ ಶಿಕ್ಷಣವೂ ನಡೆಯುತ್ತದೆ. ಈ ಪರಂಪರೆ ಗೌರವಾರ್ಹವಾದದ್ದು. ಆದರೆ ಚಲನೆಯನ್ನು ಕಳೆದುಕೊಂಡವರಿಗಾಗಿ ಕಟ್ಟಿದ ಜ್ಞಾನವನ್ನು, ಚಲಿಸಬಲ್ಲವರಾಗಿದ್ದೂ ಚಲಿಸದೆ ಉಳಿದವರತ್ತ ತಿರುಗಿಸುವಾಗ ವೃತ್ತಿಯ ಕಾಲಮಾನವೇ ಬದಲಾಗಬೇಕಾಗುತ್ತದೆ: ಮುರಿದ ಮೂಳೆಗೆ ವಾರಗಳ ಲೆಕ್ಕ ಸಾಕು, ಜಡ ಬದುಕಿಗೆ ದಶಕಗಳ ಲೆಕ್ಕ ಬೇಕು.

ಆ ಬದಲಾವಣೆ ಇನ್ನೂ ಆಗಿಲ್ಲ. ದೆಹಲಿಯ ಬಡಾವಣೆಗಳಲ್ಲಿ ಫಿಸಿಯೋಥೆರಪಿ ಕ್ಲಿನಿಕ್ಕುಗಳಿಗೂ ಮನೆಗೇ ಬಂದು ಚಿಕಿತ್ಸೆ ಕೊಡುವವರಿಗೂ ಕೊರತೆಯಿಲ್ಲ, ಆದರೆ ಸೇವೆ ಬಹುಮಟ್ಟಿಗೆ ‘ಸಿಟ್ಟಿಂಗ್’ಗಳ ಲೆಕ್ಕದಲ್ಲಿ, ಇಷ್ಟು ದಿನದ ಪ್ಯಾಕೇಜ್ ಎಂಬಂತೆ ಮಾರಾಟವಾಗುತ್ತದೆ. ರೋಗಿ ನೋವಿನೊಂದಿಗೆ ಬರುತ್ತಾನೆ, ಹಾಸಿಗೆಯ ಮೇಲೆ ಮಲಗುತ್ತಾನೆ, ಚರ್ಮಕ್ಕೆ ಅಂಟಿಸಿದ ತಟ್ಟೆಗಳ ಮೂಲಕ ಸಣ್ಣ ವಿದ್ಯುತ್ ಹಾಯುವ ಐಎಫ್‌ಟಿ ಅಥವಾ ಟೆನ್ಸ್ ಯಂತ್ರ, ಶಬ್ದಾತೀತ ಅಲೆಗಳ ಅಲ್ಟ್ರಾಸೌಂಡ್, ಬಿಸಿಶಾಖ, ಸೊಂಟವನ್ನು ಎಳೆಯುವ ಟ್ರ್ಯಾಕ್ಷನ್ ಇವುಗಳನ್ನು ಪಡೆದು ನೋವು ಇಳಿದ ದಿನ ಬರುವುದನ್ನು ನಿಲ್ಲಿಸುತ್ತಾನೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಲ್ಟ್ರಾಸೌಂಡ್, ಟೆನ್ಸ್, ಐಎಫ್‌ಟಿ ಮತ್ತು ಟ್ರ್ಯಾಕ್ಷನ್‌ಗಳನ್ನು ನೀಡಬಾರದೆಂದೇ ಸೂಚಿಸಿತು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಸೊಂಟನೋವಿನ ಲೇಖನಮಾಲೆಯೂ ತಿಳಿವಳಿಕೆ, ಚಟುವಟಿಕೆಯ ಮುಂದುವರಿಕೆ ಮತ್ತು ವ್ಯಾಯಾಮಕ್ಕೆ ಮೊದಲ ಸ್ಥಾನ ಕೊಟ್ಟಿತು. ಯಂತ್ರಗಳು ಎಲ್ಲ ರೋಗಗಳಲ್ಲೂ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಮಲಗಿಸಿ ಕೊಡುವ ಚಿಕಿತ್ಸೆ ಮಲಗಿ ಕೆಟ್ಟ ದೇಹಕ್ಕೆ ಮದ್ದಾಗಲಾರದು ಎಂಬುದಷ್ಟೇ ಅರ್ಥ. ಯಂತ್ರಕ್ಕೆ ಹಣ ಕೊಡಲು ಒಪ್ಪುವ ರೋಗಿ ಮಾತಿಗೆ ಮತ್ತು ವ್ಯಾಯಾಮದ ಪಾಠಕ್ಕೆ ಹಣ ಕೊಡಲು ಹಿಂಜರಿಯುತ್ತಾನೆಂಬ ಚಿಕಿತ್ಸಕರ ಅಳಲೂ ನಿಜವೇ ಆಗಿರುವುದರಿಂದ, ದೋಷವನ್ನು ಅವರೊಬ್ಬರ ಮೇಲೆ ಹೊರಿಸುವಂತಿಲ್ಲ.

ದೀರ್ಘಕಾಲೀನ ಆರೋಗ್ಯ ಯೋಜನೆಯ ಫಲ ಊಹೆಯ ಮಾತಾಗಿ ಉಳಿದಿಲ್ಲ. ಚೀನಾದ ದಾ ಚಿಂಗ್ ನಗರದಲ್ಲಿ 1986ರಿಂದ 1992ರವರೆಗೆ, ಮಧುಮೇಹದ ಹೊಸ್ತಿಲಲ್ಲಿದ್ದ 577 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ ಕೆಲವು ಗುಂಪುಗಳಿಗೆ ಆಹಾರ, ವ್ಯಾಯಾಮ ಅಥವಾ ಎರಡರ ಮಾರ್ಗದರ್ಶನವನ್ನು 6 ವರ್ಷಗಳ ಕಾಲ ನೀಡಲಾಯಿತು. 30 ವರ್ಷಗಳ ನಂತರದ ಎಣಿಕೆಯಲ್ಲಿ, ಮಾರ್ಗದರ್ಶನ ಪಡೆದವರಿಗೆ ಮಧುಮೇಹ ಸುಮಾರು 4 ವರ್ಷ ತಡವಾಗಿ ಬಂದಿತ್ತು, ಹೃದಯ ಮತ್ತು ರಕ್ತನಾಳದ ಅವಘಡಗಳು ಶೇ. 26ರಷ್ಟು ಕಡಿಮೆಯಾಗಿದ್ದವು. ಭಾರತದಲ್ಲಿ ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ಚೆನ್ನೈಯ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಮಧುಮೇಹ ತಡೆ ಅಧ್ಯಯನ ಜೀವನಶೈಲಿಯ ಬದಲಾವಣೆಯೊಂದರಿಂದಲೇ ಅಪಾಯ ಶೇ. 28.5ರಷ್ಟು ಇಳಿಯಿತೆಂದು ತೋರಿಸಿತು. ಎರಡರಲ್ಲೂ ಒಂದು ಸಾಮಾನ್ಯ ಅಂಶವಿದೆ: ಯಾರೋ ಒಬ್ಬರು ವರ್ಷಗಳ ಕಾಲ ಈ ಜನರನ್ನು ಮತ್ತೆ ಮತ್ತೆ ಕಂಡು, ವಿಚಾರಿಸಿ, ಯೋಜನೆಯನ್ನು ತಿದ್ದುತ್ತಿದ್ದರು.

ಆ ‘ಯಾರೋ ಒಬ್ಬರು’ ಫಿಸಿಯೋಥೆರಪಿಸ್ಟ್ ಆದಾಗ ಯೋಜನೆ ಅಳತೆಯಿಂದ ಆರಂಭವಾಗುತ್ತದೆ. 6 ನಿಮಿಷದಲ್ಲಿ ಎಷ್ಟು ದೂರ ನಡೆಯಬಹುದು, 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಬಾರಿ ಎದ್ದು ಕೂರಬಹುದು, ಒಂಟಿಕಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬಹುದು, ಮುಷ್ಟಿಯ ಹಿಡಿತ ಎಷ್ಟು ಬಲವಾಗಿದೆ ಎಂಬ ಸರಳ ಪರೀಕ್ಷೆಗಳಿಗೆ ಗಡಿಯಾರ, ಕುರ್ಚಿ ಮತ್ತು ಹಿಡಿತ ಅಳೆಯುವ ಒಂದು ಸಾಧನ ಸಾಕು. ಎದೆನೋವು, ರಾತ್ರಿ ನಿದ್ದೆಗೆಡಿಸುವ ನೋವು, ಕಾಲಿನ ಶಕ್ತಿ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು ಇಂಥ ಅಪಾಯದ ಲಕ್ಷಣಗಳಿದ್ದರೆ ವ್ಯಾಯಾಮಕ್ಕೆ ಮೊದಲು ವೈದ್ಯರ ಬಳಿ ಕಳುಹಿಸುವುದು ಇದೇ ಹಂತದ ಕರ್ತವ್ಯ. ಅನಂತರ ಬರುವುದು ಪ್ರಮಾಣ. ಔಷಧಿಯಂತೆ ವ್ಯಾಯಾಮಕ್ಕೂ ವಾರಕ್ಕೆ ಎಷ್ಟು ಬಾರಿ, ಎಷ್ಟು ತೀವ್ರವಾಗಿ, ಎಷ್ಟು ಹೊತ್ತು, ಯಾವ ಬಗೆಯದು ಎಂಬ ನಾಲ್ಕು ಅಂಶಗಳ ಚೀಟಿ ಬೇಕು. ತೀವ್ರತೆಯನ್ನು ತಿಳಿಯಲು ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಮಾಪಕವನ್ನು ಬಳಸಬಹುದು, ಅಥವಾ ಮಾತಾಡಲಾಗುವಂತಿದ್ದು ಹಾಡಲಾಗದಿದ್ದರೆ ಅದು ಮಧ್ಯಮ ಶ್ರಮ ಎಂಬ ಸುಲಭ ಸೂತ್ರವೂ ಸಾಕು. ದೇಹ ಒಗ್ಗಿಕೊಂಡಂತೆ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸದಿದ್ದರೆ ಲಾಭವೂ ನಿಂತುಬಿಡುತ್ತದೆಂಬುದು ವ್ಯಾಯಾಮಶಾಸ್ತ್ರದ ಮೂಲನಿಯಮ. ನಮ್ಮ ಗರಡಿಮನೆಗಳಲ್ಲಿ ಬಸ್ಕಿ, ದಂಡೆಗಳ ಎಣಿಕೆಯನ್ನು ಏರಿಸುತ್ತ ಹೋದ ಉಸ್ತಾದರಿಗೆ ಈ ನಿಯಮ ಪುಸ್ತಕವಿಲ್ಲದೆಯೇ ಗೊತ್ತಿತ್ತು.

ಲಕ್ಷ್ಮೀ ನಗರದ ವಿದ್ಯಾರ್ಥಿಗೆ ಬೇಕಾದ ಯೋಜನೆಯೂ ಅಲ್ಲಿಯ ವಯಸ್ಸಾದ ಗೃಹಿಣಿಗೆ ಬೇಕಾದದ್ದೂ ಒಂದೇ ಅಲ್ಲ. ವಿದ್ಯಾರ್ಥಿಗೆ ಜಿಮ್ಮಿನ ಚಂದಾಕ್ಕಿಂತ ಕೂತಿರುವಿಕೆಯನ್ನು ತುಂಡರಿಸುವ ಕ್ರಮ ಮುಖ್ಯ: ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಿಂತು ಮೆಟ್ಟಿಲು ಹತ್ತಿಳಿಯುವುದು, ಕಂಠಪಾಠವನ್ನು ಓಡಾಡುತ್ತಲೇ ಮಾಡುವುದು, ವಾರಕ್ಕೆ ಎರಡು ದಿನ ಕೋಣೆಯಲ್ಲಿಯೇ ದೇಹದ ಭಾರವನ್ನು ಬಳಸಿ ಬಲವರ್ಧನೆ. ‘ನೆಟ್ಟಗೆ ಕೂರು’ ಎಂಬ ಹಿರಿಯರ ಗದರಿಕೆಗೆ ಜನ ತಿಳಿದಷ್ಟು ವೈಜ್ಞಾನಿಕ ಬೆಂಬಲವಿಲ್ಲ. ಯಾವ ಭಂಗಿಯೂ ಬಹುಹೊತ್ತು ಬದಲಾಗದೆ ಉಳಿಯಬಾರದೆಂಬ ಎಚ್ಚರ ಅದಕ್ಕಿಂತ ಹೆಚ್ಚು ಉಪಯುಕ್ತ. 2016ರಲ್ಲಿ ಉಲ್ಫ್ ಎಕೆಲುಂಡ್ ಮತ್ತು ಸಂಗಡಿಗರು 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯಲ್ಲಿ, ದಿನಕ್ಕೆ 8 ಗಂಟೆಗೂ ಹೆಚ್ಚು ಕೂರುವವರಲ್ಲಿ ಅದರಿಂದ ಏರುವ ಅಕಾಲ ಮರಣದ ಅಪಾಯವನ್ನು ಅಳಿಸಲು ದಿನಕ್ಕೆ 60ರಿಂದ 75 ನಿಮಿಷಗಳ ಮಧ್ಯಮ ಶ್ರಮ ಬೇಕಾಗುತ್ತದೆಂದು ಕಂಡುಬಂತು. ಅಷ್ಟು ಸಮಯ ಪರೀಕ್ಷಾರ್ಥಿಗೆ ಸಿಗಲಾರದು. ಆದ್ದರಿಂದಲೇ ಕೂರುವ ಗಂಟೆಯನ್ನು ಇಳಿಸುವುದೂ ಯೋಜನೆಯ ಭಾಗವಾಗಬೇಕು.

ಅಂಗಡಿ ಕಚೇರಿಗಳ ನಡುವಯಸ್ಕರಿಗೆ ಸಕ್ಕರೆ, ರಕ್ತದೊತ್ತಡ, ಸೊಂಟದ ಸುತ್ತಳತೆಗಳೇ ಯೋಜನೆಯ ಗುರಿಗಳು. ಹಿರಿಯರಿಗೆ ಬೀಳದಿರುವುದೇ ದೊಡ್ಡ ಗುರಿ. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಅಂತಸ್ತಿನಲ್ಲಿರುವ ಎಪ್ಪತ್ತರ ಹೆಂಗಸು ಮಂಡಿನೋವಿನಿಂದ ಮೆಟ್ಟಿಲು ಇಳಿಯುವುದನ್ನು ಬಿಟ್ಟ ದಿನದಿಂದ ತೊಡೆಯ ಸ್ನಾಯು ಕರಗತೊಡಗುತ್ತದೆ, ಸ್ನಾಯು ಕರಗಿದಂತೆ ಮಂಡಿಯ ಮೇಲಿನ ಹೊರೆ ಏರುತ್ತದೆ, ಕಡೆಗೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಗುತ್ತದೆ. ಈ ಸರಪಳಿಯನ್ನು ಯಾವ ಹಂತದಲ್ಲಿಯೂ ತುಂಡರಿಸಬಹುದೆಂಬುದಕ್ಕೆ 1990ರಲ್ಲಿ ಅಮೆರಿಕದಲ್ಲಿ ಮರಿಯಾ ಫಿಯಾತರೋನೆ ಅವರ ತಂಡ 90ರ ಆಸುಪಾಸಿನ 10 ಮಂದಿಗೆ 8 ವಾರ ಭಾರ ಎತ್ತಿಸಿ ನಡೆಸಿದ ಪ್ರಯೋಗ ಸಾಕ್ಷಿ. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ‘ಈ ವಯಸ್ಸಿನಲ್ಲಿ ರೆಸ್ಟ್ ತಗೊಳ್ಳಿ’ ಎಂದು ಮಕ್ಕಳು ಪ್ರೀತಿಯಿಂದ ಹೇಳುವ ಮಾತು ಎಷ್ಟು ಹಾನಿ ಮಾಡಬಹುದೆಂಬುದನ್ನು ಮನೆಮನೆಗೆ ತಿಳಿಸುವ ಕೆಲಸ ಫಿಸಿಯೋಥೆರಪಿಸ್ಟರಿಗಿಂತ ಚೆನ್ನಾಗಿ ಬೇರೆ ಯಾರೂ ಮಾಡಲಾರರು.

ದೆಹಲಿಯ ಗಾಳಿಯನ್ನು ಬಿಟ್ಟು ಇಲ್ಲಿಯ ಯಾವ ಯೋಜನೆಯೂ ಪೂರ್ಣವಾಗದು. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಹೊರಗಿನ ವ್ಯಾಯಾಮವೇ ಪ್ರಶ್ನೆಯಾಗುತ್ತದೆ. 2016ರಲ್ಲಿ ಮಾರ್ಕೊ ತೈನಿಯೊ ಮತ್ತು ಸಹಸಂಶೋಧಕರು ನಡೆಸಿದ ಲೆಕ್ಕಾಚಾರ, ದೆಹಲಿಯಷ್ಟು ಮಲಿನವಾದ ನಗರದಲ್ಲಿಯೂ ವಾರಕ್ಕೆ ಸುಮಾರು 5 ಗಂಟೆಯವರೆಗಿನ ಸೈಕಲ್ ಸವಾರಿಯ ಲಾಭ ಗಾಳಿಯ ಹಾನಿಗಿಂತ ಹೆಚ್ಚೇ ಎಂದು ತೋರಿಸಿತು. ಅದು ವರ್ಷದ ಸರಾಸರಿ ಮಾಲಿನ್ಯವನ್ನು ಆಧರಿಸಿದ ಲೆಕ್ಕ. ನವೆಂಬರಿನ ಅತಿ ಕೆಟ್ಟ ದಿನಗಳಿಗೂ ಅಸ್ತಮಾ, ಹೃದ್ರೋಗ ಉಳ್ಳವರಿಗೂ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದ್ದರಿಂದ ವರ್ಷದ ಯೋಜನೆಯನ್ನು ಋತುಗಳಿಗೆ ಹೊಂದಿಸಿ, ಮಾಲಿನ್ಯದ ತಿಂಗಳುಗಳಿಗೆ ಮನೆಯೊಳಗಿನ ಬಲವರ್ಧನೆ ಮತ್ತು ಸಮತೋಲನದ ಅಭ್ಯಾಸಗಳನ್ನೂ ಫೆಬ್ರವರಿ, ಮಾರ್ಚ್‌ಗಳಿಗೆ ನಡಿಗೆಯನ್ನೂ ಬೇಸಿಗೆಗೆ ಮುಂಜಾವದ ಹೊತ್ತನ್ನೂ ಹಂಚಿಕೊಡುವುದು ಚಿಕಿತ್ಸಕನ ಕೌಶಲಕ್ಕೆ ಸೇರಿದ್ದು. ಅಚ್ಚಾದ ವ್ಯಾಯಾಮದ ಹಾಳೆ ಈ ಕೆಲಸವನ್ನು ಮಾಡಲಾರದು.

ಸಾರ್ವಜನಿಕ ವ್ಯವಸ್ಥೆಯ ಕಡೆ ನೋಡಿದರೆ ಚಿತ್ರ ಮಿಶ್ರವಾಗಿದೆ. 2019ರ ಆಗಸ್ಟ್ 29ರಂದು ದೆಹಲಿಯಲ್ಲಿಯೇ ಉದ್ಘಾಟನೆಗೊಂಡ ಫಿಟ್ ಇಂಡಿಯಾ ಆಂದೋಲನ ಸಂದೇಶವನ್ನು ಹರಡಿತು. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಫಿಸಿಯೋಥೆರಪಿಗೆ ದೇಶಮಟ್ಟದ ಶಾಸನಬದ್ಧ ಚೌಕಟ್ಟನ್ನು ಕೊಟ್ಟಿತು. ಆದರೆ 2025ರ ಸೆಪ್ಟೆಂಬರಿನಲ್ಲಿ ಫಿಸಿಯೋಥೆರಪಿಸ್ಟರು ಹೆಸರಿನ ಹಿಂದೆ ‘ಡಾ.’ ಎಂದು ಬಳಸಬಹುದೇ ಎಂಬ ವಿವಾದಕ್ಕೆ ಸಿಕ್ಕಷ್ಟು ಗಮನ, ಅವರನ್ನು ಪ್ರಾಥಮಿಕ ಆರೋಗ್ಯದ ಹಂತದಲ್ಲಿ ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಗೆ ಸಿಕ್ಕಿಲ್ಲ. 2018ರಿಂದ ರೂಪುಗೊಂಡ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಸೇವಾಪಟ್ಟಿಯಲ್ಲಿ ಅಸಾಂಕ್ರಾಮಿಕ ರೋಗಗಳೂ ವೃದ್ಧರ ಆರೈಕೆಯೂ ಇವೆ. ಈ ಜಾಲದ ಉಪಕೇಂದ್ರದ ತಂಡದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ದಾದಿ, ಆಶಾ ಕಾರ್ಯಕರ್ತೆಯರಿದ್ದಾರೆ. ಚಲನೆಯನ್ನು ಅಳೆದು ಪ್ರಮಾಣ ನಿಗದಿಪಡಿಸುವವರು ಅಲ್ಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ನ್ಯೂಜಿಲೆಂಡಿನಲ್ಲಿ 1998ರಿಂದ ವೈದ್ಯರು ‘ಹಸಿರು ಚೀಟಿ’ಯಲ್ಲಿ ಚಟುವಟಿಕೆಯನ್ನು ಬರೆದುಕೊಟ್ಟು, ಅದನ್ನು ಪಾಲಿಸಲು ಬೆಂಬಲ ನೀಡುವವರ ಬಳಿಗೆ ಕಳುಹಿಸುವ ಪದ್ಧತಿ ನಡೆದುಬಂದಿದೆ.

ಇದೆಲ್ಲದರ ಕೆಳಗೆ ಹಣದ ಪ್ರಶ್ನೆ ಇದೆ. ಭಾರತದ ಆರೋಗ್ಯ ವಿಮೆಗಳು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ನೀಡುವ ಆಯುಷ್ಮಾನ್ ಯೋಜನೆಯೂ ಸೇರಿ, ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾದ ರೋಗಿಯ ವೆಚ್ಚಕ್ಕಾಗಿ ರೂಪಿತವಾಗಿವೆ; ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಹಣ ದೊರೆಯುತ್ತದೆ, ಆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಲ್ಲ ತೊಡೆಯ ವ್ಯಾಯಾಮದ ಮೇಲ್ವಿಚಾರಣೆಗೆ ದೊರೆಯುವುದಿಲ್ಲ. ಹಾಗಾಗಿ ಪ್ಯಾಕೇಜ್ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಬಂದು ಅಳತೆ ಮಾಡಿಸಿಕೊಂಡು ಯೋಜನೆಯನ್ನು ತಿದ್ದಿಸಿಕೊಳ್ಳುವ ಪದ್ಧತಿ ಬೆಳೆಯಬೇಕಾದರೆ ವಿಮೆಯ ಪಟ್ಟಿಯಲ್ಲಿ ಈ ಭೇಟಿಗೆ ಒಂದು ಸಾಲು ಬೇಕು, ಉಪಕೇಂದ್ರಗಳ ಗುಂಪಿಗೊಬ್ಬರಂತೆ ಫಿಸಿಯೋಥೆರಪಿಸ್ಟರ ಹುದ್ದೆ ಬೇಕು, ಪದವಿ ಶಿಕ್ಷಣದಲ್ಲಿ ಯಂತ್ರಗಳಿಗೆ ಕೊಡುವಷ್ಟೇ ಸಮಯ ಮನವೊಲಿಸುವ ಕಲೆಗೂ ನಡತೆಯ ಬದಲಾವಣೆಯ ಶಾಸ್ತ್ರಕ್ಕೂ ಬೇಕು. ಲಕ್ಷ್ಮೀ ನಗರದ ಮಟ್ಟಿಗೆ ಇವುಗಳಿಗಾಗಿ ಕಾಯದೆ ಇಂದೇ ಮಾಡಬಹುದಾದದ್ದೂ ಇದೆ: ಸಾವಿರಾರು ರೂಪಾಯಿ ಶುಲ್ಕ ಪಡೆಯುವ ಕೋಚಿಂಗ್ ಕೇಂದ್ರಗಳು ವರ್ಷಕ್ಕೆ ಎರಡು ಬಾರಿ ಫಿಸಿಯೋಥೆರಪಿಸ್ಟರಿಂದ ವಿದ್ಯಾರ್ಥಿಗಳ ಅಳತೆ ಮಾಡಿಸಿ, ಎರಡು ತರಗತಿಗಳ ನಡುವೆ ಹತ್ತು ನಿಮಿಷದ ಚಲನೆಯ ವಿರಾಮವನ್ನು ವೇಳಾಪಟ್ಟಿಯಲ್ಲಿಯೇ ಅಚ್ಚು ಹಾಕಿಸಬಹುದು.